ಎಡ ಭುಜಕ್ಕೊಂದು ಬಂದೂಕು

ನನ್ನ ಅಕ್ಷರ ಚೆನ್ನಾಗಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಗೆರೆ ಹಾಕಿದ ಹಾಳೆಯಲ್ಲೂ ನನ್ನ ಸಾಲು ಬಲಕ್ಕೆ ಹೋಗುತ್ತಾ ಕೆಳಗಿಳಿಯುತ್ತದೆ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ಆದ್ದರಿಂದ ಪದಗಳೂ ಕಡಿಮೆ. ಪೆನ್ಸಿಲಿನಲ್ಲಿ ಬರೆದು, ತಪ್ಪಿದಲ್ಲಿ ಉಜ್ಜಿ ಮತ್ತೆ ಬರೆದಿದ್ದೇನೆ. ಎರಡು ಕಡೆ ಹಾಳೆ ತೂತಾಗಿದೆ.

ನಮ್ಮ ಕೌಂಟಿಯ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡಿ, ಪುಸ್ತಕಕ್ಕೆ ಸೇರಿಸುತ್ತೇವೆ ಎಂದು ಗ್ರಂಥಾಲಯದವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಬೇರೆಯವರು ಅಜ್ಜನ ಬಗ್ಗೆ, ಪಾದ್ರಿಯ ಬಗ್ಗೆ, ಯುದ್ಧಕ್ಕೆ ಹೋಗಿ ಬಂದವರ ಬಗ್ಗೆ ಬರೆಯುತ್ತಾರೆ. ನಾನು ವರ್ಲೀನ್ ಅತ್ತೆಯ ಬಗ್ಗೆ ಬರೆಯುತ್ತೇನೆ. ಅವಳು ಒಳ್ಳೆಯವಳು ಎಂದು ತೋರಿಸುವುದಕ್ಕಲ್ಲ. ಅವಳು ಒಳ್ಳೆಯವಳಲ್ಲ.

ವರ್ಲೀನ್ ಸ್ಟಕಿ ನನ್ನ ಅಪ್ಪನ ಅಕ್ಕ. ವಯಸ್ಸು ಐವತ್ತೆಂಟು. ಇಲ್ಲಿ ಶೇಂಗಾ ಬೆಳೆಯುವ ಎಂಟು ಹೊಲದವರು ಸೇರಿ ಕಾಡುಹಂದಿ ಹೊಡೆಯಲು ಒಬ್ಬರನ್ನು ಇಟ್ಟುಕೊಂಡಿರುತ್ತಾರೆ. ಬಿತ್ತನೆಯಾದ ರಾತ್ರಿಯೇ ಹಂದಿಗಳು ಸಾಲು ಹಿಡಿದು ಮೂಗಿನಿಂದ ಉಳುತ್ತಾ ಒಂದೂ ಬೀಜ ಬಿಡದೆ ತಿಂದು ಹೋಗುತ್ತವೆ. ಕೊಯ್ಲಿನ ಹೊತ್ತಿಗೆ ಮತ್ತೆ ಬರುತ್ತವೆ. ಅವನ್ನು ಹೊಡೆಯುವ ಕೆಲಸ ಇಪ್ಪತ್ತೇಳು ವರ್ಷದಿಂದ ಅತ್ತೆಯದು. ಆ ಕೆಲಸದ ಜೊತೆಗೆ ಒಂದು ಮನೆ ಬರುತ್ತದೆ. ಗಾರ್ಲಂಡ್ ಟೀಗ್ ಅವರ ಹೊಲದ ಅಂಚಿನಲ್ಲಿರುವ ತಗಡಿನ ಸೂರಿನ ಎರಡು ಕೋಣೆಯ ಮನೆ. ಕೆಲಸ ಯಾರದೋ ಮನೆ ಅವರದು. ಕೆಲಸ ಹೋದರೆ ಅಕ್ಟೋಬರ್ ಹದಿನೈದರೊಳಗೆ ಬಿಡಬೇಕು. ಇದು ಬರೆದಿಟ್ಟ ಕರಾರಲ್ಲ, ಆದರೆ ಎಲ್ಲರಿಗೂ ಗೊತ್ತು.

ಮೊದಲು ಅವಳು ನಾಯಿಗಳನ್ನಿಟ್ಟುಕೊಂಡು ಬೇಟೆಯಾಡುತ್ತಿದ್ದಳು. ನಾಯಿ ಹಂದಿಯ ಕಿವಿ ಕಚ್ಚಿ ಹಿಡಿಯಬೇಕು, ಇವಳು ಹಿಂದಿನಿಂದ ಹೋಗಿ ಕತ್ತಿ ಹಾಕಬೇಕು. ಎರಡು ಸಲ ಹಿಡಿತ ಬಿಟ್ಟ ನಾಯಿಗೆ ಮೂರನೆಯ ದಿನ ಊಟ ಹಾಕುತ್ತಿರಲಿಲ್ಲ, ನಾಲ್ಕನೆಯ ದಿನ ಅದು ಇರುತ್ತಿರಲಿಲ್ಲ. ಗಂಡ ಒಬ್ಬನಿದ್ದ. ಅವನು ಬಿಟ್ಟುಹೋದ ದಿನವೂ ಅವಳು ಏಳು ಹಂದಿ ಹೊಡೆದಿದ್ದಳಂತೆ. ಆಮೇಲೆ ನಾಯಿಗಳೂ ಬೇಡವೆಂದು ಬಂದೂಕಿಗೆ ಬಂದಳು. ಮರದ ಹಿಡಿಯ ಉದ್ದನೆಯ ಬಂದೂಕು, ನಲವತ್ತೊಂದು ಅಂಗುಲ. ಬೆಳಗಿನ ಜಾವದಲ್ಲಿ ಟ್ರಕ್ಕಿನ ಕಿಟಕಿಗೆ ಅದನ್ನಾನಿಸಿ ಕೂತರೆ ಬಿಸಿಲೇರುವಷ್ಟರಲ್ಲಿ ಒಂದು ಹಿಂಡು ಮುಗಿದಿರುತ್ತಿತ್ತು.

ನನಗೆ ಹತ್ತು ವರ್ಷವಾದಾಗ ಬಲೆಗೆ ಬಿದ್ದ ಹಂದಿಮರಿಯೊಂದನ್ನು ನನ್ನ ಮಡಿಲಲ್ಲಿಟ್ಟು, ಚಾಕು ಕೊಟ್ಟು, "ಕುಯ್ಯಿ" ಎಂದಿದ್ದಳು. ನಾನು ಕುಯ್ಯುವ ಮೊದಲೇ ತಲೆ ತಿರುಗಿ ಬಿದ್ದೆ. ಆ ಕಥೆಯನ್ನು ಅವಳು ಎರಡು ವರ್ಷ ಚರ್ಚಿನ ಅಡುಗೆಮನೆಯಲ್ಲಿ ಹೇಳಿಕೊಂಡು ನಕ್ಕಳು. ನಾನು ಬೀಳುವುದನ್ನು ಕಣ್ಣು ಮೇಲೆ ಮಾಡಿ ನಟಿಸಿ ತೋರಿಸುತ್ತಿದ್ದಳು. ಶಾಲೆಗೂ ಆ ಕಥೆ ತಲುಪಿತು. ನಾನು ಶಾಲೆ ಬಿಟ್ಟದ್ದಕ್ಕೆ ಅದೊಂದೇ ಕಾರಣವಲ್ಲ, ಆದರೆ ಅದೂ ಒಂದು.

ಈ ಫೆಬ್ರವರಿಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಟ್ರಕ್ಕಿನಲ್ಲಿದ್ದಳು. ಎಡಗೈ ಒಂದರಲ್ಲೇ ಹನ್ನೊಂದು ಮೈಲಿ ಓಡಿಸಿಕೊಂಡು ಬಂದು, ದೊಡ್ಡಪ್ಪನ ಅಂಗಡಿಯ ಮುಂದೆ ನಿಲ್ಲಿಸಿ, ಹಾರ್ನಿನ ಮೇಲೆ ಹಣೆಯಿಟ್ಟಳು. ಬಲಗೈ ಸತ್ತಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಉಳಿಯಿತು. ಬಾಯಿ ಒಂದು ಕಡೆ ಜೋತಿತು, ಮಾತು ಬಾಯಲ್ಲಿ ಅನ್ನ ಇಟ್ಟುಕೊಂಡವರ ಹಾಗಾಯಿತು. ಬುದ್ಧಿ ಮಾತ್ರ ಹಾಗೇ ಇತ್ತು. ನಾಲಿಗೆಯ ವಿಷವೂ ಹಾಗೇ ಇತ್ತು.

ಓಡೆಲ್ ದೊಡ್ಡಪ್ಪ ಅವಳ ಅಣ್ಣ. ಬಂದೂಕಿನ ಅಂಗಡಿ ಅವನದು. ನಾನು ಅಂಗಡಿಯ ಮೇಲಿನ ಕೋಣೆಯಲ್ಲಿರುತ್ತೇನೆ, ಕೆಳಗೆ ಪೆಟ್ಟಿಗೆ ಬಿಚ್ಚುತ್ತೇನೆ, ಎಣ್ಣೆ ಒರೆಸುತ್ತೇನೆ, ಗಾಜು ತೊಳೆಯುತ್ತೇನೆ. ಗಿರಾಕಿಗಳ ಜೊತೆ ಮಾತಾಡುವ ಕೆಲಸವಿಲ್ಲ. ಅದಕ್ಕೇ ಆ ಕೆಲಸ ನನಗೆ ಇಷ್ಟವಾಗಿತ್ತು. ದೊಡ್ಡಪ್ಪನ ಮಗ ಟ್ರೇಸ್, ಇಪ್ಪತ್ತಾರು ವರ್ಷದವನು, ಡಿಸೆಂಬರಿನಲ್ಲಿ ಮದುವೆ. ಅವನಿಗೆ ಇರಲು ಮನೆ ಬೇಕಿತ್ತು. ಅತ್ತೆಗೆ ಲಕ್ವ ಹೊಡೆದ ವಾರವೇ ಅವನು ಹೋಗಿ ಆ ಎರಡು ಕೋಣೆಯ ಮನೆಯ ಕಿಟಕಿಗಳ ಅಳತೆ ತೆಗೆದುಕೊಂಡು ಬಂದಿದ್ದ. ಅತ್ತೆ ಆಗ ಆಸ್ಪತ್ರೆಯಲ್ಲಿದ್ದಳು.

ಆದರೆ ಅವಳು ಕೆಲಸ ಬಿಡಲಿಲ್ಲ. ಗಾರ್ಲಂಡ್ ಟೀಗ್ ಎಂಟು ಹೊಲದವರ ಪರವಾಗಿ ಒಂದು ಮಾತು ಹೇಳಿದರು. ಸೆಪ್ಟೆಂಬರಿನ ಕೊನೆಯ ಶನಿವಾರ ಅಗ್ನಿಶಾಮಕದವರ ಗುರಿ ಮೈದಾನದಲ್ಲಿ ಹತ್ತು ಉಕ್ಕಿನ ತಟ್ಟೆ ಇಡುತ್ತೇವೆ, ಐದೈದು ಗುಂಡು ತುಂಬಿದ ಎರಡು ಮ್ಯಾಗಜೀನು ಡಬ್ಬಿ, ಒಂದೂವರೆ ನಿಮಿಷ. ಹತ್ತೂ ಬಿದ್ದರೆ ಕೆಲಸ ನಿಮ್ಮದೇ, ಮಿಸ್ ವರ್ಲೀನ್. ಇಲ್ಲದಿದ್ದರೆ ಟ್ರೇಸ್‌ಗೆ. ಟ್ರೇಸ್‌ಗೆ ಪರೀಕ್ಷೆ ಇಲ್ಲವೇ ಎಂದು ಯಾರೂ ಕೇಳಲಿಲ್ಲ. ಅವನಿಗೆ ಎರಡು ಕೈ ಇದ್ದವು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅತ್ತೆ ಕಾಲೆಳೆಯುತ್ತಾ ಅಂಗಡಿಗೆ ಬಂದಳು. ಅಂಗಡಿಯ ಮೂಲೆಯಲ್ಲಿ ಕಾಫಿ ಯಂತ್ರದ ಸುತ್ತ ಯಾವಾಗಲೂ ನಾಲ್ಕೈದು ಮುದುಕರು ಕೂತಿರುತ್ತಾರೆ. ಅವರು ಏನನ್ನೂ ಕೊಳ್ಳುವುದಿಲ್ಲ. ಅತ್ತೆ ತನ್ನ ಉದ್ದ ಬಂದೂಕನ್ನು ಗಾಜಿನ ಮೇಜಿನ ಮೇಲೆ ಇಟ್ಟಳು.

"ಬಬ್ಬಾ, ಇದು ಒಂದ್ಕೈಲಿ ನಿಲ್ಲಲ್ಲ. ಮೂತಿ ನೆಲ ನೋಡುತ್ತೆ. ನಿಲ್ಲೋದೊಂದು ಕೊಡು" ಎಂದಳು. ಅಣ್ಣನನ್ನು ಅವಳು ಚಿಕ್ಕಂದಿನಿಂದ ಬಬ್ಬಾ ಎಂದೇ ಕರೆಯುವುದು.

"ನಿಲ್ಲಬೇಕಾದ್ದು ಬಂದೂಕಲ್ಲ ಕಣೇ, ನೀನು" ಎಂದ ದೊಡ್ಡಪ್ಪ. ಮುದುಕರು ನಕ್ಕರು.

ಅತ್ತೆ ನನ್ನ ಕಡೆ ತಿರುಗಿದಳು. "ಏಯ್ ಮಾರ್ಲಾ. ಈ ಅಂಗಡೀಲಿ ಇರೋದನ್ನೆಲ್ಲಾ ಬಿಚ್ಚಿ ಒರೆಸೋಳು ನೀನು. ಇವನು ಮಾರೋ ಮಾತಾಡ್ತಾನೆ. ನಿಂಗೆ ಮಾತೇ ಬರಲ್ಲ, ಅದಕ್ಕೇ ನಿನ್ನ ಕೇಳ್ತಿದೀನಿ. ಯಾವುದು?"

ನಾನು ಒಳಗೆ ಹೋಗಿ ಆ ಗಿಡ್ಡ ಬಂದೂಕನ್ನು ತಂದೆ. ಒಂದೂವರೆ ವರ್ಷದಿಂದ ಗೋಡೆಯ ಮೇಲಿತ್ತು, ಯಾರೂ ಕೇಳಿರಲಿಲ್ಲ. ಬುಲ್‌ಪಪ್ ಎನ್ನುತ್ತಾರೆ. ಬೇರೆ ಬಂದೂಕುಗಳಲ್ಲಿ ಗುಂಡು ಸಿಡಿಯುವ ಯಂತ್ರ, ಮ್ಯಾಗಜೀನು ಎಲ್ಲ ಟ್ರಿಗರಿನ ಮುಂದೆ ಇರುತ್ತವೆ. ಇದರಲ್ಲಿ ಎಲ್ಲವೂ ಟ್ರಿಗರಿನ ಹಿಂದೆ, ಭುಜಕ್ಕೆ ತಾಗುವ ಬುಡದೊಳಗೇ ಇರುತ್ತವೆ. ಒತ್ತಿದಷ್ಟು ಸಲ ಒಂದೊಂದೇ ಗುಂಡು, ಮುಂದಿನದು ತಾನಾಗಿ ಏರಿ ಕೂರುತ್ತದೆ.

"ಅಯ್ಯೋ, ಹಿಂದುಮುಂದಾಗಿ ಹುಟ್ಟಿದ್ದು!" ಎಂದ ಕಾಫಿ ಮುದುಕರಲ್ಲಿ ಒಬ್ಬನಾದ ಹೋಯ್ಟ್. "ವರ್ಲೀನ್, ನಿಂಗೂ ಅದಕ್ಕೂ ಒಳ್ಳೆ ಜೋಡಿ."

"ನಿಂಗೆ ಹಿಂದೂ ಇಲ್ಲ, ಮುಂದೂ ಇಲ್ಲ ಅಂತ ನಿನ್ನ ಹೆಂಡತೀನೇ ಹೇಳ್ತಿರ್ತಾಳೆ, ಸುಮ್ನೆ ಕಾಫಿ ಕುಡಿ" ಎಂದಳು ಅತ್ತೆ. ಅವಳ ಮಾತು ತೊದಲುವುದರಿಂದ ಬೈಗುಳ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ಕಾದು ನಕ್ಕರು.

ಆ ದಿನ ನಾನು ಅಳೆದದ್ದನ್ನೆಲ್ಲ ಇಲ್ಲಿ ಸರಿಯಾಗಿ ಬರೆಯುತ್ತೇನೆ. ಗಿಡ್ಡದ್ದು ಇಪ್ಪತ್ತೇಳು ಅಂಗುಲ. ನಳಿಗೆ ಮಾತ್ರ ಹೆಚ್ಚು ಕಡಿಮೆ ಅತ್ತೆಯ ಉದ್ದ ಬಂದೂಕಿನಷ್ಟೇ, ಆದ್ದರಿಂದ ಗುಂಡಿನ ಬಲ ಅಷ್ಟೇನೂ ಕಡಿಮೆಯಾಗುವುದಿಲ್ಲ. ತೂಕ ನೋಡಿದರೆ ಗಿಡ್ಡದ್ದೇ ಒಂದು ಪೌಂಡು ಹೆಚ್ಚು. ಇದನ್ನು ಹೇಳಿದಾಗ ದೊಡ್ಡಪ್ಪ, "ನೋಡು, ಭಾರದ್ದು ಬೇಕಂತೆ ಕುಂಟಿಗೆ" ಎಂದ. ನಾನು ಎರಡು ಬಂದೂಕನ್ನೂ ನನ್ನ ತೋರುಬೆರಳಿನ ಮೇಲೆ ತೂಗಿಸಿ ತೋರಿಸಿದೆ. ಉದ್ದದ್ದು ಟ್ರಿಗರಿಗಿಂತ ಒಂದು ಗೇಣು ಮುಂದೆ ಸಮತೂಗಿತು. ಗಿಡ್ಡದ್ದು ಕೈ ಹಿಡಿಯುವ ಜಾಗದಲ್ಲೇ ಸಮತೂಗಿತು. ಭಾರವೆಲ್ಲ ಹಿಂದೆ, ಕಂಕುಳ ಹತ್ತಿರ. ಅತ್ತೆಯ ಎಡಗೈಗೆ ಕೊಟ್ಟೆ. ಅವಳು ಭುಜಕ್ಕೆ ಒತ್ತಿ ಗೋಡೆಯ ಗಡಿಯಾರಕ್ಕೆ ಗುರಿಯಿಟ್ಟಳು. ನಾನು ನೂರರವರೆಗೆ ಎಣಿಸಿದೆ. ಮೂತಿ ಕದಲಲಿಲ್ಲ.

ಅವಳ ಮುಖದ ಒಂದು ಅರ್ಧ ನಕ್ಕಿತು. ಫೆಬ್ರವರಿಯಿಂದ ಅದೇ ಮೊದಲು.

ಕೆಟ್ಟದ್ದನ್ನೂ ಹೇಳಿದೆ. ಟ್ರಿಗರು ಮುಂದೆ, ಯಂತ್ರ ಹಿಂದೆ, ನಡುವೆ ಉದ್ದದ ಕಂಬಿ. ಆದ್ದರಿಂದ ಟ್ರಿಗರು ಕೆಸರೊಳಗೆ ಕಾಲಿಟ್ಟ ಹಾಗೆ ಎಳೆಯುತ್ತದೆ, ಎಲ್ಲಿ ಸಿಡಿಯುತ್ತದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಸದ್ದು ಕಿವಿಯ ಪಕ್ಕದಲ್ಲೇ. ಮ್ಯಾಗಜೀನು ಕಂಕುಳಡಿ ಇರುವುದರಿಂದ ಬದಲಿಸುವುದು ಕಷ್ಟ, ಒಂದು ಕೈಯವರಿಗೆ ಇನ್ನೂ ಕಷ್ಟ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಸುಟ್ಟ ಖಾಲಿ ತೋಟೆ ಬಲಗಡೆಯಿಂದ ಹಾರಿ ಬರುತ್ತದೆ. ಬಲ ಭುಜದವರಿಗೆ ತೊಂದರೆಯಿಲ್ಲ. ಎಡ ಭುಜದವರಿಗೆ ಆ ಬಾಯಿ ಕೆನ್ನೆಯ ಪಕ್ಕದಲ್ಲೇ ತೆರೆದಿರುತ್ತದೆ.

"ಎಡಗೈಯವರಿಗೆ ಬೇರೆ ಬೋಲ್ಟ್ ಬರುತ್ತೆ" ಎಂದೆ. ಬೋಲ್ಟ್ ಎಂದರೆ ಸುಟ್ಟ ತೋಟೆಯನ್ನು ಹಿಡಿದು ಹೊರಗೆಸೆಯುವ ಒಳಗಿನ ಉಕ್ಕಿನ ತುಂಡು. ಅಂಗಡಿಯಲ್ಲಿ ಎಲ್ಲರ ಮುಂದೆ ನಾನಾಡಿದ ಅತಿ ಉದ್ದದ ಮಾತು ಅದೇ ಇರಬೇಕು. "ಅದನ್ನ ಹಾಕಿ, ತೋಟೆ ಬರೋ ಬಾಯಿನ ಮುಚ್ಚಳ ಆ ಕಡೆಯಿಂದ ಈ ಕಡೆಗೆ ಬದಲಿಸಿದ್ರೆ ತೋಟೆ ಎಡಕ್ಕೆ ಹಾರುತ್ತೆ. ಹತ್ತು ನಿಮಿಷದ ಕೆಲಸ."

"ತರಿಸು ಬಬ್ಬಾ" ಎಂದಳು ಅತ್ತೆ. ಉದ್ದ ಬಂದೂಕನ್ನೂ ನಾಯಿ ಸಾಗಿಸುತ್ತಿದ್ದ ಗಾಡಿಯನ್ನೂ ಕೊಟ್ಟು ಗಿಡ್ಡದ್ದನ್ನು ತೆಗೆದುಕೊಂಡು ಹೋದಳು.

ಬೋಲ್ಟ್ ಸೆಪ್ಟೆಂಬರ್ ಮೊದಲನೆಯ ಮಂಗಳವಾರ ಬಂತು. ಪೆಟ್ಟಿಗೆ ಬಿಚ್ಚಿದ್ದು ನಾನೇ. ದೊಡ್ಡಪ್ಪ ನನ್ನ ಕೈಯಿಂದ ತೆಗೆದುಕೊಂಡು, ಎರಡು ಸಲ ತಿರುಗಿಸಿ ನೋಡಿ, ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದ.

"ಕೇಳಿದ್ರೆ ನವೆಂಬರಿಗೆ ಬರುತ್ತೆ ಅಂತ ಹೇಳ್ತೀನಿ" ಎಂದ. "ನೀನು ಏನೂ ಹೇಳೋದು ಬೇಡ. ಬಾಯಿ ಇಲ್ಲದೋಳು ನೀನು. ನಿನ್ನಲ್ಲಿರೋ ಒಳ್ಳೇ ಗುಣ ಅದೊಂದೇ, ಅದನ್ನ ಕೆಡಿಸ್ಕೋಬೇಡ."

ಅತ್ತೆಗೆ ಒಂದೇ ಕೈಯಲ್ಲಿ ಮ್ಯಾಗಜೀನಿಗೆ ಗುಂಡು ತುಂಬಲು ಆಗುತ್ತಿರಲಿಲ್ಲ. ಆದ್ದರಿಂದ ಜುಲೈಯಿಂದ ವಾರಕ್ಕೆ ಮೂರು ಸಂಜೆ ನಾನು ಅವಳ ಜೊತೆ ಸುಣ್ಣಕಲ್ಲಿನ ಹಳೆಯ ಗುಂಡಿಗೆ ಹೋಗುತ್ತಿದ್ದೆ. ನಾನು ತುಂಬುವುದು, ಅವಳು ಹೊಡೆಯುವುದು. ಮ್ಯಾಗಜೀನು ಬದಲಿಸಲು ಅವಳು ಬಂದೂಕನ್ನು ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮೊದಮೊದಲು ಅವಳ ಕೈ ಪ್ರತಿ ಸಲವೂ ಟ್ರಿಗರಿನ ಮುಂದೆ ಹೋಗಿ ಗಾಳಿಯಲ್ಲಿ ಮ್ಯಾಗಜೀನು ಹುಡುಕುತ್ತಿತ್ತು. ವರ್ಷಗಳ ಅಭ್ಯಾಸ ಅದು, ಉದ್ದ ಬಂದೂಕಿನವರೆಲ್ಲ ಮಾಡುವ ತಪ್ಪು. ತಪ್ಪಿದಾಗಲೆಲ್ಲ ಖಾಲಿ ಮ್ಯಾಗಜೀನನ್ನು ನನ್ನ ಮೇಲೆ ಎಸೆಯುತ್ತಿದ್ದಳು.

"ಏನ್ ನೋಡ್ತಿದೀಯ ಗೂಬೆ ಹಂಗೆ? ತುಂಬು."

ಆಗಸ್ಟ್ ಮುಗಿಯುವಷ್ಟರಲ್ಲಿ ಹನ್ನೊಂದು ಸೆಕೆಂಡಿನಲ್ಲಿ ಬದಲಿಸುವಂತಾದಳು. ಅದು ನಾನೇ ಗಡಿಯಾರ ಹಿಡಿದು ನೋಡಿದ ಲೆಕ್ಕ.

ಆದರೆ ತೋಟೆಗಳು. ಬಲಕ್ಕೆ ಮುಂದಾಗಿ ಹಾರಬೇಕಾದವು ಕೆಲವು ಸಲ ನೇರ ಕೆನ್ನೆಗೆ ಬರುತ್ತಿದ್ದವು. ಹಬೆ ಕಣ್ಣಿಗೆ ನುಗ್ಗುತ್ತಿತ್ತು. ಎಡಗೆನ್ನೆಯಲ್ಲಿ ಮೊದಲು ಕೆಂಪು ಕಲೆ, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆಯ ಮೇಲೆ ಗುಳ್ಳೆ. ಅವಳು ಬೇಸ್‌ಬಾಲ್ ಆಡುವವರ ಹಳೆಯ ಕೈಗವಸನ್ನು ಕತ್ತರಿಸಿ, ಆ ತೊಗಲನ್ನು ಕೆನ್ನೆಗೆ ಕಟ್ಟಿಕೊಳ್ಳತೊಡಗಿದಳು. ಹಿಂದೆ ಗಂಟು ಹಾಕುವುದು ನನ್ನ ಕೆಲಸ. ತೊಗಲಿದ್ದಾಗ ಹತ್ತಕ್ಕೆ ಹತ್ತು ಹೊಡೆಯುತ್ತಿದ್ದಳು. ಇದನ್ನು ನಾನು ಒಂಬತ್ತು ಸಲ ನೋಡಿದ್ದೇನೆ.

"ಬೋಲ್ಟ್ ಬಂತಾ?" ಎಂದು ಅವಳು ಒಂದು ಸಂಜೆ ನನ್ನನ್ನೇ ಕೇಳಿದಳು. ಅದು ಬಂದು ಎರಡು ದಿನವಾಗಿತ್ತು.

ನಾನು ಗುಂಡು ತುಂಬುತ್ತಾ ತಲೆ ಅಲ್ಲಾಡಿಸಿದೆ.

ಇದನ್ನು ಮೂರು ಸಲ ಉಜ್ಜಿ ಬರೆದಿದ್ದೇನೆ. ದೊಡ್ಡಪ್ಪನ ಹೆದರಿಕೆಯಿಂದ ಹೇಳಲಿಲ್ಲ ಎಂದು ಮೊದಲು ಬರೆದೆ. ಮೊದಲ ದಿನ ಅದು ನಿಜ. ಆಮೇಲೆ ನಿಜವಲ್ಲ. ಆಮೇಲೆ ಅವಳ ಕೆನ್ನೆಯಿಂದ ನೀರು ಒಸರುವುದನ್ನು ನೋಡುವಾಗ ನನಗೆ ಚರ್ಚಿನ ಅಡುಗೆಮನೆ ನೆನಪಾಗುತ್ತಿತ್ತು. ಅವಳು ಕಣ್ಣು ಮೇಲೆ ಮಾಡಿ ಬೀಳುವ ನಟನೆ ಮಾಡಿದ್ದು, ಹೆಂಗಸರು ಪಾತ್ರೆ ಕೆಳಗಿಟ್ಟು ನಕ್ಕಿದ್ದು. ಇನ್ನೂ ಸ್ವಲ್ಪ ದಿನ ಉರಿಯಲಿ, ಆಮೇಲೆ ಹೇಳೋಣ ಎನ್ನಿಸಿತು. ಹೀಗೆ ಇನ್ನೂ ಸ್ವಲ್ಪ ಇನ್ನೂ ಸ್ವಲ್ಪ ಎಂದು ಶನಿವಾರ ಬಂತು.

ಗುರಿ ಮೈದಾನದಲ್ಲಿ ಆ ದಿನ ಮಧ್ಯಾಹ್ನ ಊಟವಿತ್ತು. ಅಗ್ನಿಶಾಮಕದವರು ಬೆಳಗಿನಿಂದ ಹೊಗೆಯಲ್ಲಿ ದನದ ಮಾಂಸ ಬೇಯಿಸಿದ್ದರು, ಬೀನ್ಸು, ಬಿಳಿ ಬ್ರೆಡ್ಡು, ತಣ್ಣನೆ ಸಿಹಿ ಚಹಾ. ಜನ ಮಡಚುವ ಕುರ್ಚಿ ತಂದು ಹಾಕಿಕೊಂಡಿದ್ದರು. ಎಂಟು ಹೊಲದವರು ಮುಂದಿನ ಸಾಲಿನಲ್ಲಿ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಟ್ರೇಸ್ ಮದುವೆಯಾಗುವ ಹುಡುಗಿಯ ಪಕ್ಕ ನಿಂತಿದ್ದ. ಅವಳ ಕೈಯಲ್ಲಿ ಪರದೆ ಬಟ್ಟೆಯ ತುಂಡುಗಳಿದ್ದವು, ಬಣ್ಣ ಆರಿಸಲು.

ಅತ್ತೆ ಕಾಲೆಳೆಯುತ್ತಾ ಮೇಜಿನ ಹತ್ತಿರ ಬಂದಳು. ನಾನು ಐದೈದು ಗುಂಡು ತುಂಬಿದೆ. ಅವಳ ಕಿವಿಗೆ ಸದ್ದು ತಡೆಯುವ ಕಾಪು, ಕಣ್ಣಿಗೆ ಕನ್ನಡಕ ಹಾಕಿದೆ. ತೊಗಲನ್ನು ಕಟ್ಟುತ್ತಿದ್ದಾಗ ಟ್ರೇಸ್ ಕೂಗಿದ.

"ಅದೇನದು ಮೂತಿಗೆ? ಕುದುರೆಗೆ ಕಟ್ಟೋ ಚೀಲಾನಾ?"

ಜನ ನಕ್ಕರು.

"ಮಿಸ್ಟರ್ ಟೀಗ್, ಹಂದಿ ಎದುರಿಗೆ ಬಂದಾಗ ಇವಳು ಒಬ್ಬಳೇ ಇರ್ತಾಳೆ" ಎಂದ ಟ್ರೇಸ್. "ಆಗ ಗಂಟು ಹಾಕೋಕೆ ಯಾರು ಬರ್ತಾರೆ? ಮಾರ್ಲಾನಾ? ಹಂದಿ ನೋಡಿದ್ರೆ ಮೂರ್ಛೆ ಹೋಗೋಳು?"

ಮತ್ತೆ ನಕ್ಕರು. ಈ ಸಲ ಅತ್ತೆಯೂ ಸ್ವಲ್ಪ ನಕ್ಕಳು. ನಾನು ನೋಡಿದೆ.

ಗಾರ್ಲಂಡ್ ಟೀಗ್ ತಟ್ಟೆ ಪಕ್ಕಕ್ಕಿಟ್ಟು ಬಾಯಿ ಒರೆಸಿಕೊಂಡರು. ಅವರು ಯಾರಿಗೂ ದನಿಯೇರಿಸಿ ಮಾತಾಡುವವರಲ್ಲ. "ಹುಡುಗ ಹೇಳೋದ್ರಲ್ಲಿ ಅರ್ಥ ಇದೆ ಮಿಸ್ ವರ್ಲೀನ್. ಒಬ್ಬರೇ ಏನು ಮಾಡಬಲ್ರೋ ಅದನ್ನ ನೋಡೋಕೆ ತಾನೆ ನಾವು ಬಂದಿರೋದು."

"ಗುಂಡು ತುಂಬಿದ್ದೂ ಅವಳೇ" ಎಂದಳು ಅತ್ತೆ.

"ಅದನ್ನ ಮನೇಲಿ ತುಂಬಿಟ್ಕೋಬಹುದು. ಮುಖಾನ ಮನೇಲಿ ಇಟ್ಟು ಬರೋಕಾಗಲ್ವಲ್ಲ."

ನಾನು ಆಗ ಹೇಳಬಹುದಿತ್ತು. ಖಾನೆಯ ಬೀಗದ ಕೈ ದೊಡ್ಡಪ್ಪನ ಸೊಂಟದಲ್ಲೇ ತೂಗುತ್ತಿತ್ತು, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಅಂಗಡಿಗೆ ಹೋಗಿ ಬರಲು ಇಪ್ಪತ್ತು ನಿಮಿಷ, ಬೋಲ್ಟ್ ಬದಲಿಸಲು ಹತ್ತು ನಿಮಿಷ. ಜನರ ಊಟ ಇನ್ನೂ ಮುಗಿದಿರಲಿಲ್ಲ. ಹೇಳಬಹುದಿತ್ತು.

"ಬಿಚ್ಚೇ" ಎಂದಳು ಅತ್ತೆ.

ನಾನು ಗಂಟು ಬಿಚ್ಚಿದೆ. ಒಂದು ಕೈಯಲ್ಲಿ ಅವಳಿಂದ ಆಗುತ್ತಿರಲಿಲ್ಲ.

ಟೀಗ್ ಗಡಿಯಾರ ನೋಡಿ ಶುರು ಎಂದರು. ಅತ್ತೆ ಬಂದೂಕನ್ನು ಎಡ ಭುಜಕ್ಕೆತ್ತಿದಳು, ಎಡಗೆನ್ನೆಯನ್ನು ಬುಡಕ್ಕೆ ಒತ್ತಿದಳು. ಮೊದಲ ತಟ್ಟೆ ಬಿತ್ತು, ಎರಡನೆಯದು ಬಿತ್ತು. ಮೂರನೆಯ ತೋಟೆ ಹಳೆಯ ಗುಳ್ಳೆಗೆ ತಾಗಿ ಅಂಗಿಯ ಕೊರಳೊಳಗೆ ಹೋಯಿತು. ಅವಳ ಕತ್ತಿನ ನರ ಉಬ್ಬಿತು, ಬಂದೂಕು ಅಲ್ಲಾಡಲಿಲ್ಲ. ನಾಲ್ಕು, ಐದು. ತೊಡೆಗಳ ನಡುವೆ ಸಿಕ್ಕಿಸಿ, ಹಿಂದಕ್ಕೆ ಕೈಹಾಕಿ, ಮ್ಯಾಗಜೀನು ಬದಲಿಸಿದಳು. ಕೈ ಮುಂದೆ ಹೋಗಿ ತಡಕಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಆರು, ಏಳು, ಎಂಟು. ಮೆಲ್ಲನೆ ಜನ ತಿನ್ನುವುದನ್ನು ನಿಲ್ಲಿಸಿದರು.

ಒಂಬತ್ತನೆಯ ತಟ್ಟೆ ಬಿದ್ದಾಗ ತೋಟೆ ಮೇಲಕ್ಕೆ ಬಂದು ಕನ್ನಡಕಕ್ಕೂ ಕೆನ್ನೆಗೂ ನಡುವೆ, ಕಣ್ಣಿನ ಕೆಳಗೆ ಸಿಕ್ಕಿಕೊಂಡಿತು. ಅಲ್ಲೇ ನಿಂತಿತು. ನಾನು ಪಕ್ಕದಲ್ಲಿದ್ದೆ, ನನಗೆ ಕಾಣಿಸುತ್ತಿತ್ತು. ಕೆಡವಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ. ತಲೆ ಕೊಡವಿದರೆ ಗುರಿ ಹೋಗುತ್ತದೆ. ಅವಳು ಕೊಡವಲಿಲ್ಲ. ಆ ಕಣ್ಣಲ್ಲೇ ಗುರಿ ಹಿಡಿಯಬೇಕಿತ್ತು. ನೀರು ಸುರಿಯುತ್ತಿದ್ದ ಕಣ್ಣನ್ನು ಬಿಟ್ಟುಕೊಂಡೇ ಆ ಕೆಸರಿನಂಥ ಟ್ರಿಗರನ್ನು ಎಳೆಯುತ್ತಾ ಹೋದಳು, ಎಳೆಯುತ್ತಾ ಹೋದಳು. ಸಿಡಿಯಿತು. ಹತ್ತನೆಯ ತಟ್ಟೆಯ ಎಡಕ್ಕೆ ನಾಲ್ಕು ಬೆರಳಿನಾಚೆ ಧೂಳೆದ್ದಿತು. ತಟ್ಟೆ ನಿಂತೇ ಇತ್ತು.

ಎಪ್ಪತ್ನಾಲ್ಕು ಸೆಕೆಂಡು. ಎಪ್ಪತ್ತೈದು ಎಂದು ಬರೆದಿದ್ದೆ, ಟೀಗ್ ಹೇಳಿದ್ದು ಎಪ್ಪತ್ನಾಲ್ಕು. ಹೊತ್ತು ಉಳಿದಿತ್ತು, ಗುಂಡು ಉಳಿದಿರಲಿಲ್ಲ.

ಅತ್ತೆ ಬಂದೂಕು ಖಾಲಿಯೆಂದು ನೋಡಿ, ಮೇಜಿನ ಮೇಲೆ ಮಲಗಿಸಿ, ಆಮೇಲೆ ಕನ್ನಡಕ ತೆಗೆದಳು. ತೋಟೆ ಬಿತ್ತು. ಸ್ವಲ್ಪ ಚರ್ಮವೂ ಅದರ ಜೊತೆ ಬಂತು.

"ಒಂಬತ್ತು" ಎಂದರು ಟೀಗ್. "ತುಂಬಾ ಚೆನ್ನಾಗಿ ಹೊಡೆದ್ರಿ ಮಿಸ್ ವರ್ಲೀನ್. ಸುಳ್ಳು ಹೇಳಲ್ಲ. ಆದ್ರೆ ನಾವು ಹತ್ತು ಅಂದಿದ್ವಿ."

ಟ್ರೇಸ್‌ನ ಹುಡುಗಿ ಚಪ್ಪಾಳೆ ತಟ್ಟಿ, ಯಾರೂ ಜೊತೆಗೂಡದ್ದನ್ನು ನೋಡಿ ನಿಲ್ಲಿಸಿದಳು.

ಆಗ ನಾನು ಮಾತಾಡಿದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಬೋಲ್ಟ್ ಬಂದಿದೆ. ಎಡಗೈದು. ದೊಡ್ಡಪ್ಪನ ಖಾನೇಲಿದೆ. ಅದಿದ್ದಿದ್ರೆ ತೋಟೆ ಆ ಕಡೆ ಹಾರ್ತಿತ್ತು."

ಎಲ್ಲರೂ ದೊಡ್ಡಪ್ಪನ ಕಡೆ ನೋಡಿದರು. ಅವನಿಗೆ ನಾಚಿಕೆಯೇನೂ ಆಗಲಿಲ್ಲ. "ಹೌದು, ಇದೆ. ಅಂಗಡಿ ನಂದು, ಸಾಮಾನು ನಂದು, ಯಾವಾಗ ಕೊಡಬೇಕೋ ಆವಾಗ ಕೊಡ್ತೀನಿ" ಎಂದು ಟ್ರಕ್ಕಿಗೆ ಹೋದ. ಆ ದಿನ ಬೆಳಿಗ್ಗೆಯೇ ಅದನ್ನು ಖಾನೆಯಿಂದ ತೆಗೆದು ತಂದಿದ್ದನಂತೆ, ಅತ್ತೆ ಗೆದ್ದರೆ ಅವಳಿಗೇ ಮಾರೋಣವೆಂದು. ತಂದು ಅತ್ತೆಯ ಕಾಲಬಳಿ ಎಸೆದ. "ತಗೋ. ಈಗ ಬೇಕಾದ್ರೆ ಹಾಕ್ಕೋ."

"ಇದು ಸರಿಯಲ್ಲ ಓಡೆಲ್" ಎಂದ ಹೋಯ್ಟ್ ಮುದುಕ. ಬೇರೆ ಯಾರೂ ಅನ್ನಲಿಲ್ಲ.

"ಇದು ಅಣ್ಣ ತಂಗಿ ವಿಷಯ. ನಾವು ಬಂದೂಕು ಯಾವುದು ಅಂತ ಹೇಳಿರಲಿಲ್ಲ, ತಟ್ಟೆ ಎಷ್ಟು ಅಂತ ಮಾತ್ರ ಹೇಳಿದ್ವಿ" ಎಂದು ಟೀಗ್ ಊಟದ ತಟ್ಟೆ ಎತ್ತಿಕೊಂಡರು.

ಅತ್ತೆ ಬೋಲ್ಟನ್ನು ಎತ್ತಿಕೊಳ್ಳಲಿಲ್ಲ. ಅಣ್ಣನನ್ನು ಬೈಯಲೂ ಇಲ್ಲ. ನನ್ನ ಹತ್ತಿರ ಬಂದಳು. ಎಡಗಣ್ಣು ಊದಿ ಮುಚ್ಚಿಕೊಳ್ಳುತ್ತಿತ್ತು.

"ಯಾವಾಗಿಂದ ಗೊತ್ತು ನಿಂಗೆ?"

"ಹದಿನೆಂಟು ದಿನದಿಂದ."

"ಅಂದ್ರೆ ನೀನು ತುಂಬಿಕೊಟ್ಟ ಒಂದೊಂದು ಗುಂಡೂ ಗೊತ್ತಿದ್ದೇ ತುಂಬಿದ್ದು."

ನಾನು ಕೈಯಲ್ಲಿದ್ದ ತೊಗಲನ್ನು ಮಡಚಿದೆ.

"ಬಬ್ಬಾಗೆ ಮನೆ ಬೇಕಿತ್ತು. ಅದು ನಂಗೆ ಅರ್ಥ ಆಗುತ್ತೆ. ನಿಂಗೇನೇ ಬೇಕಿತ್ತು?"

ಅವಳು ಉತ್ತರಕ್ಕಾಗಿ ಕಾದಳು. ನಿಜವಾಗಿಯೂ ಕಾದಳು. ಹಂದಿಮರಿ ಎನ್ನಲು ನನ್ನ ಬಾಯಿ ತೆರೆಯಿತು, ಆದರೆ ಆ ಕೆನ್ನೆಯ ಮುಂದೆ ಆ ಮಾತು ಹೊರಡಲಿಲ್ಲ. ಅವಳು ಬಂದೂಕನ್ನು ಕಂಕುಳಲ್ಲಿಟ್ಟುಕೊಂಡು ಟ್ರಕ್ಕಿನ ಕಡೆ ಹೋದಳು. ಯಾರೂ ಬಾಗಿಲು ತೆಗೆದುಕೊಡಲಿಲ್ಲ.

ಆ ಸಂಜೆಯೇ ದೊಡ್ಡಪ್ಪ ನನ್ನ ಬಟ್ಟೆ ಚೀಲವನ್ನು ಮೆಟ್ಟಿಲ ಮೇಲಿಟ್ಟಿದ್ದ. "ಬಾಯಿ ಬಂತಲ್ಲ, ಅದಕ್ಕೆ ಊಟ ಬೇರೆ ಕಡೆ ಹುಡುಕ್ಕೋ" ಎಂದ. ಈಗ ನಾನು ಹೋಯ್ಟ್ ಮತ್ತು ಅವನ ಹೆಂಡತಿಯ ಮನೆಯ ಹಿಂಬದಿಯ ಕೋಣೆಯಲ್ಲಿದ್ದೇನೆ.

ಅತ್ತೆಯ ಕಣ್ಣು ಉಳಿಯಿತು ಎಂದು ಹೋಯ್ಟ್‌ನ ಹೆಂಡತಿ ಕೇಳಿಕೊಂಡು ಬಂದಳು. ರೆಪ್ಪೆಯ ಕೆಳಗೆ ಕಲೆ ಉಳಿಯುತ್ತದಂತೆ. ನಾನು ಮೂರು ಸಲ ಅವಳ ಮನೆಗೆ ಹೋದೆ. ಒಳಗೆ ಪೆಟ್ಟಿಗೆಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು, ಒಂದು ಕೈಯಲ್ಲಿ ಎಳೆದು, ನಿಲ್ಲಿಸಿ, ಮತ್ತೆ ಎಳೆಯುವ ಸದ್ದು. ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಒಳಗಿನಿಂದ, "ಇನ್ನೂ ಎಷ್ಟು ಉರೀಬೇಕು ಅಂತ ನೋಡೋಕೆ ಬಂದಿದೀಯಾ?" ಎಂದಳು. ಅಷ್ಟೇ.

ಆ ಬಂದೂಕಿನ ಬಗ್ಗೆ ಊರಲ್ಲಿ ಈಗ ಕೆಟ್ಟ ಮಾತಾಡುತ್ತಾರೆ. ಹಿಂದುಮುಂದಿನದು, ಮುಖ ಸುಡುವುದು, ಅಪಶಕುನ ಎನ್ನುತ್ತಾರೆ. ಅದು ಸರಿಯಲ್ಲ, ಆದ್ದರಿಂದ ಬರೆದಿಡುತ್ತೇನೆ. ಟ್ರಿಗರು ಕೆಟ್ಟದ್ದು, ಒಪ್ಪುತ್ತೇನೆ. ಸದ್ದು ಹೆಚ್ಚು, ಒಪ್ಪುತ್ತೇನೆ. ಆದರೆ ಒಂದು ಕೈ ಉಳಿದವರು ಎತ್ತಿ ನಿಲ್ಲಿಸಬಹುದಾದ ಬೇರೆ ಬಂದೂಕು ಆ ಅಂಗಡಿಯಲ್ಲಿರಲಿಲ್ಲ. ಎಲ್ಲವನ್ನೂ ಎತ್ತಿ ನೋಡಿದವಳು ನಾನು. ಅದು ಎಡಕ್ಕೂ ಹಾರಿಸಲು ಸಿದ್ಧವಾಗಿಯೇ ಇತ್ತು. ನಾವು ಬಿಡಲಿಲ್ಲ.

ಮಣ್ಣಲ್ಲಿ ಬಿದ್ದಿದ್ದ ಬೋಲ್ಟನ್ನು ಆ ದಿನ ನಾನು ಎತ್ತಿಕೊಂಡೆ. ತೊಳೆದು, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಇವತ್ತು ಶನಿವಾರ. ಅಕ್ಟೋಬರ್ ಹದಿನೈದಕ್ಕೆ ಇನ್ನು ಆರು ದಿನ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಎಂಟೂ ಹೊಲದವರು ಶೇಂಗಾ ಒಣಗಿಸುವ ಕೊಟ್ಟಿಗೆಯಲ್ಲಿ ಕಾಫಿಗೆ ಸೇರುತ್ತಾರೆ. ನಾನು ಅಲ್ಲಿಗೆ ಹೋಗುತ್ತೇನೆ. ಬೋಲ್ಟನ್ನು ಗಾರ್ಲಂಡ್ ಟೀಗ್ ಅವರ ಮುಂದಿಟ್ಟು, ನಾನು ಮಾಡಿದ್ದನ್ನು ಎಂಟು ಜನರಿಗೂ ಹೇಳಿ, ಹತ್ತು ತಟ್ಟೆ ಇನ್ನೊಂದು ಸಲ ನಿಲ್ಲಿಸಿ ಎಂದು ಕೇಳುತ್ತೇನೆ. ಅವರು ಆಗಲ್ಲ ಎಂದರೆ, ಅತ್ತೆಯ ಪೆಟ್ಟಿಗೆಗಳನ್ನು ಹೊರಲು ಹೋಗುತ್ತೇನೆ.